ಹಳ್ಳಿಗೆ ತಿಂಗಳ ಪಂಚಾಯಿತಿ ವರದಿ: ಒಂದು ಹಾಳೆಯಲ್ಲಿ ಏನು ಹಾಕಬೇಕು, ಏನು ಬಿಡಬೇಕು?

‘ಹುಣಸೆಮರದಡಿ’ ಎಂಬ ಅಡ್ಡಹೆಸರಿನವರು ಕೇಳಿದ್ದು, ಬೇರೆ ಅಡ್ಡಹೆಸರಿನವರು ಉತ್ತರಿಸಿದ್ದು:

ಆನೇಕಲ್ ತಾಲ್ಲೂಕಿನ ಅಂಚಿನ ಒಂದು ಸಣ್ಣ ಹಳ್ಳಿಗೆ ಸಂಬಂಧಿಸಿದ ಪ್ರಶ್ನೆ. 240 ಮನೆ, ಸುಮಾರು 1,080 ಜನ, ಮೂವರು ಸದಸ್ಯರು. ಪಂಚಾಯಿತಿ ಕಚೇರಿ ಇರುವುದು ನಾಲ್ಕು ಕಿಲೋಮೀಟರ್ ಆಚೆ, ಬೇರೆ ಊರಿನಲ್ಲಿ. ಅಲ್ಲಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದು ಇಲ್ಲಿಯವರ ಕಣ್ಣಿಗೆ ಬೀಳುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಬರುವ ಸುದ್ದಿಯಂತೂ ಹೀಗೆ: ಶಾಲೆಯ ಕಡೆಯ ಸಿಸಿ ರಸ್ತೆ ಒಂದೇ ವರ್ಷದಲ್ಲಿ ಮೂರು ಸಲ ‘ಮಂಜೂರಾಗಿದೆ’, ಜಲ್ಲಿ ಮಾತ್ರ ಇನ್ನೂ ಬಿದ್ದಿಲ್ಲ.

ತಿಂಗಳಿಗೊಂದು ಎ4 ಹಾಳೆ ತರುವ ಯೋಚನೆ ಇದೆ. ಅರಳಿಕಟ್ಟೆ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅರಿವು ಕೇಂದ್ರ (ಪಂಚಾಯಿತಿ ಗ್ರಂಥಾಲಯ), ಈ ನಾಲ್ಕು ಕಡೆ ಅಂಟಿಸಿ, ಅದನ್ನೇ ಗ್ರೂಪಿಗೂ ಹಾಕುವುದು. ಸಭೆಯಲ್ಲಿ ಯಾರು ಏನು ಮಾತಾಡಿದರು ಅನ್ನುವುದಕ್ಕಿಂತ ಏನು ತೀರ್ಮಾನವಾಯಿತು, ಎಷ್ಟು ದುಡ್ಡು, ಯಾವ ಹಂತ ಅನ್ನುವುದು ಬೇಕು. ಮಾಹಿತಿಯನ್ನು ಎಲ್ಲಿಂದ ತೆಗೆಯಬೇಕು, ಯಾವ ಕಾಗದ ನಂಬಬೇಕು? ಕಂದಾಯ ಬಾಕಿ ಇಟ್ಟವರ ಹೆಸರು ಹಾಕಬೇಕೆಂದು ಕೆಲವರ ಒತ್ತಾಯ. ಹಾಕಬಹುದೇ? ಇನ್ನೊಂದು, ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರೆ ವರದಿ ಮಾಡಲು ಏನು ಉಳಿಯುತ್ತದೆ?

ಕಡತದ ಕಟ್ಟು:

ಮೊದಲು ಆ ಹಾಳೆಯಿಂದ ಒಂದು ಪದ ಹೊರಗಿಡಿ: ‘ಮಂಜೂರಾಗಿದೆ’. ನಿಮ್ಮ ರಸ್ತೆ ಮೂರು ಸಲ ಮಂಜೂರಾಗಿದ್ದು ಬಹುಶಃ ಸುಳ್ಳಲ್ಲ. ಕ್ರಿಯಾ ಯೋಜನೆಗೆ ಸೇರಿದಾಗ ಒಮ್ಮೆ, ಆಡಳಿತಾತ್ಮಕ ಅನುಮೋದನೆ ಆದಾಗ ಒಮ್ಮೆ, ಎಂಜಿನಿಯರ್ ಅಂದಾಜು ಪಟ್ಟಿಗೆ ತಾಂತ್ರಿಕ ಮಂಜೂರಾತಿ ಸಿಕ್ಕಾಗ ಮತ್ತೊಮ್ಮೆ. ಮೂರು ಸಲವೂ ಯಾರೋ ಗ್ರೂಪಿಗೆ ಹಾಕಿದ್ದಾರೆ, ಅಷ್ಟೇ. ಕೆಲಸ ಶುರುವಾಗುವುದು ಕಾರ್ಯಾದೇಶ ಕೊಟ್ಟ ಮೇಲೆ.

ಆದ್ದರಿಂದ ಪ್ರತಿ ಕಾಮಗಾರಿಗೂ ಒಂದೇ ಸಾಲು, ಆ ಸಾಲಿನಲ್ಲಿ ಹಂತದ ಸಂಖ್ಯೆ ಇರಲಿ. 1 ಕ್ರಿಯಾ ಯೋಜನೆ, 2 ಆಡಳಿತಾತ್ಮಕ ಅನುಮೋದನೆ, 3 ತಾಂತ್ರಿಕ ಮಂಜೂರಾತಿ, 4 ಟೆಂಡರ್ ಅಥವಾ ದರಪಟ್ಟಿ, 5 ಕಾರ್ಯಾದೇಶ, 6 ಕೆಲಸ ನಡೆಯುತ್ತಿದೆ, 7 ಅಳತೆ ಪುಸ್ತಕದಲ್ಲಿ (ಆದ ಕೆಲಸವನ್ನು ಅಳೆದು ಬರೆಯುವ ಪುಸ್ತಕ) ನಮೂದು, 8 ಬಿಲ್ ಪಾವತಿ. ಈ ಎಂಟನ್ನು ಹಾಳೆಯ ಅಡಿಯಲ್ಲಿ ಪ್ರತಿ ತಿಂಗಳೂ ಸಣ್ಣಕ್ಷರದಲ್ಲಿ ಅಚ್ಚು ಹಾಕಿ. ಮೂರನೇ ತಿಂಗಳಿಗೆ ಜನ ತಾವೇ ‘ರಸ್ತೆ ಇನ್ನೂ ನಾಲ್ಕರಲ್ಲೇ ಇದೆಯಾ?’ ಎಂದು ಕೇಳುತ್ತಾರೆ. ಹಾಳೆ ಇರುವುದೇ ಆ ಪ್ರಶ್ನೆ ಹುಟ್ಟಿಸಲಿಕ್ಕೆ.

ಹಂತದ ಪಕ್ಕ ಮೊತ್ತ. ಇಲ್ಲಿ ಬಹಳ ಜನ ಎಡವುತ್ತಾರೆ. ಕ್ರಿಯಾ ಯೋಜನೆಯಲ್ಲಿ ಇಟ್ಟ ಮೊತ್ತ, ಅಂದಾಜು ಪಟ್ಟಿಯ ಮೊತ್ತ, ಗುತ್ತಿಗೆಯ ಮೊತ್ತ, ಪಾವತಿಯಾದ ಮೊತ್ತ, ಇವು ನಾಲ್ಕೂ ಬೇರೆ ಬೇರೆ. ಜನವರಿಯಲ್ಲಿ 5 ಲಕ್ಷ, ಮಾರ್ಚ್‌ನಲ್ಲಿ 4 ಲಕ್ಷದ 62 ಸಾವಿರ ಎಂದು ಬರೆದರೆ ‘38 ಸಾವಿರ ಯಾರು ತಿಂದರು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಜದಲ್ಲಿ ಮೊದಲನೆಯದು ಯೋಜನೆಯ ಮೊತ್ತ, ಎರಡನೆಯದು ಗುತ್ತಿಗೆದಾರ ಒಪ್ಪಿದ ಮೊತ್ತ ಆಗಿರಬಹುದು. ಮೊತ್ತ ಬರೆದಲ್ಲೆಲ್ಲ ಅದು ಯಾವ ಮೊತ್ತ ಎಂದೂ ಬರೆಯಿರಿ.

ಮೂರನೆಯದು ಲೆಕ್ಕಶೀರ್ಷಿಕೆ, ಅಂದರೆ ಯಾವ ದುಡ್ಡು. ‘ನೀರಿಗೆ ದುಡ್ಡಿದೆಯಂತೆ, ರಸ್ತೆಗೆ ಯಾಕಿಲ್ಲ?’ ಎಂಬ ಜಗಳಕ್ಕೆ ಉತ್ತರ ಇದರಲ್ಲೇ ಇರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ 60 ನಿರ್ಬಂಧಿತ, ಅಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ. ಉಳಿದ ಶೇ 40 ಅನಿರ್ಬಂಧಿತ, ಅದನ್ನು ಊರಿನ ಬೇರೆ ಅಗತ್ಯಕ್ಕೆ ಬಳಸಬಹುದು, ಆದರೆ ಅದರಲ್ಲೂ ಸಂಬಳ ಕೊಡುವ ಹಾಗಿಲ್ಲ. ಹಾಗಾಗಿ ಆ ಅವಧಿಯ ಚರಂಡಿ ಕೆಲಸವನ್ನೂ ರಸ್ತೆ ಕೆಲಸವನ್ನೂ ಒಂದೇ ಗುಂಪಿನಲ್ಲಿ ತೋರಿಸಬೇಡಿ.

ಈಗ ಮೂಲ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ವರ್ಷ, ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆಯ್ದುಕೊಂಡರೆ ಅನುಮೋದಿತ ಕ್ರಿಯಾ ಯೋಜನೆ ಸಿಗುತ್ತದೆ. ಹಣಕಾಸು ಆಯೋಗದ ಪಾವತಿಗಳೂ ಅಲ್ಲೇ. ಹೆಸರು ನೋಡಿ ಒತ್ತಬೇಡಿ. ಗೊಲ್ಲಹಳ್ಳಿ, ಹೊಸಹಳ್ಳಿ ಅಂಥ ಹೆಸರಿನ ಊರುಗಳು ಎಷ್ಟಿವೆಯೋ ಲೆಕ್ಕವಿಲ್ಲ. ಪ್ರತಿ ಪಂಚಾಯಿತಿಗೂ ಎಲ್‌ಜಿಡಿ (ಸ್ಥಳೀಯ ಸಂಸ್ಥೆಗಳ ಸರ್ಕಾರಿ ಪಟ್ಟಿ) ಸಂಕೇತ ಇದೆ, ಅದನ್ನು ಒಮ್ಮೆ ಬರೆದಿಟ್ಟುಕೊಂಡು ಪ್ರತಿ ತಿಂಗಳೂ ತಾಳೆ ನೋಡಿ. ಅಕ್ಕಪಕ್ಕದ ತಾಲ್ಲೂಕಿನ ಇನ್ಯಾವುದೋ ಊರಿನ ಕೊಳವೆಬಾವಿ ಖರ್ಚು ನಿಮ್ಮ ಹಾಳೆಯಲ್ಲಿ ಬಂದರೆ ಆಮೇಲೆ ನೀವು ಏನು ಬರೆದರೂ ಯಾರೂ ನಂಬುವುದಿಲ್ಲ.

ಸಭೆಯ ತೀರ್ಮಾನಕ್ಕೆ ನಡಾವಳಿ ಪುಸ್ತಕವೇ ಆಧಾರ. ಪ್ರತಿ ವಿಷಯಕ್ಕೂ ಠರಾವು (ನಿರ್ಣಯ) ಸಂಖ್ಯೆ, ದಿನಾಂಕ ಬರೆಯಿರಿ. ಈ ತಿಂಗಳ ನಡಾವಳಿ ಮುಂದಿನ ಸಭೆಯಲ್ಲಿ ಓದಿ ದೃಢೀಕರಣವಾಗುತ್ತದೆ. ಅಲ್ಲಿಯವರೆಗೆ ಠರಾವಿನ ಪಕ್ಕ ಒಂದು ಚುಕ್ಕೆ ಇಟ್ಟು, ಕೆಳಗೆ ‘ದೃಢೀಕರಣ ಬಾಕಿ’ ಎಂದು ಹಾಕಿದರೆ ನಾಳೆ ಯಾರೂ ನಿಮ್ಮನ್ನು ಸುಳ್ಳುಗಾರರು ಎನ್ನುವಂತಿಲ್ಲ.

ಅಂದಹಾಗೆ, ಶಾಲೆ ರಸ್ತೆ ಭಾಗ 1, ಭಾಗ 2, ಭಾಗ 3 ಎಂದು ಕ್ರಿಯಾ ಯೋಜನೆಯಲ್ಲಿ ಕಂಡರೆ ಮೂರನ್ನೂ ಒಟ್ಟಿಗೆ, ಒಂದರ ಕೆಳಗೊಂದು ಬರೆಯಿರಿ. ಟೆಂಡರ್ ಕರೆಯಬೇಕಾದ ಮಿತಿಗಿಂತ ಕೆಳಗೆ ಬರಲಿ ಎಂದು ತುಂಡು ಮಾಡಿರಬಹುದು, ಅಥವಾ ಅನುದಾನ ಕಂತಿನಲ್ಲಿ ಬಂದಿರಬಹುದು. ಯಾವುದು ಅಂತ ನೀವು ತೀರ್ಪು ಕೊಡಬೇಡಿ. ಮೂರು ಸಾಲು ಒಟ್ಟಿಗೆ ಕಂಡರೆ ಸಾಕು.

ನೀರುಗಂಟಿ 55:

ಕಾಮಗಾರಿ ಎಲ್ಲ ಸರಿ, ಆದರೆ ಹಳ್ಳಿಯಲ್ಲಿ ಹಾಳೆಯ ಮುಂದೆ ನಿಲ್ಲುವವರು ಮೊದಲು ಹುಡುಕುವುದು ನೀರಿನ ಸುದ್ದಿ. ಅದನ್ನು ಮೇಲ್ಗಡೆಯೇ ಹಾಕಿ. ‘ನೀರು ಸರಬರಾಜು ತೃಪ್ತಿಕರ’ ಅನ್ನುವ ಸಾಲು ಮಾತ್ರ ಬೇಡ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಲೆಕ್ಕ ಹೀಗೆ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್. 1,080 ಜನಕ್ಕೆ 59,400 ಲೀಟರ್. ನಿಮ್ಮ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದಾದರೆ ದಿನಕ್ಕೆ ಒಮ್ಮೆ ತುಂಬಿಸಿದರೆ ಸಾಲದು, ಸುಮಾರು 1.2 ಸಲದಷ್ಟು ಬೇಕು. ಆದ್ದರಿಂದ ವಾಟರ್‌ಮ್ಯಾನ್ ಹತ್ತಿರ ಒಂದೇ ಅಂಕಿ ಕೇಳಿ: ತಿಂಗಳಲ್ಲಿ ಟ್ಯಾಂಕ್ ಎಷ್ಟು ಸಲ ತುಂಬಿತು? 30 ದಿನಕ್ಕೆ 36 ಸಲ ತುಂಬಿದ್ದರೆ ಲೆಕ್ಕ ಸರಿ. 22 ಸಲ ಅಂದರೆ ಎಲ್ಲೋ ಮೋಟಾರ್ ನಿಂತಿದೆ, ಅಥವಾ ಬೋರ್ ಇಳುವರಿ ಇಳಿದಿದೆ. ಟ್ಯಾಂಕ್ ತುಂಬಿಯೂ ಕೊನೆಯ ಬೀದಿಗೆ ನೀರಿಲ್ಲ ಅಂದರೆ ಅದು ಪೈಪ್‌ಲೈನಿನ ಸೋರಿಕೆಯೋ, ವಾಲ್ವಿನ ತೊಂದರೆಯೋ ಇರಬೇಕು. ಆಗ ಹೊಸ ಬೋರ್ ಕೊರೆಸಿ ಪ್ರಯೋಜನವಿಲ್ಲ.

ಮೋಟಾರ್ ಕೆಟ್ಟಾಗ ನಾಲ್ಕು ಸಂಗತಿ: ಯಾವ ಬೋರ್, ಕೆಟ್ಟ ದಿನ, ಎತ್ತಿದ ದಿನ, ಮತ್ತೆ ಇಳಿಸಿದ ದಿನ. ಜೊತೆಗೆ ಕಾರಣ. ಮೂರು ಫೇಸ್ ಕರೆಂಟಿನಲ್ಲಿ ಒಂದು ತಪ್ಪಿ, ಅಂದರೆ ಸಿಂಗಲ್ ಫೇಸಿಂಗ್‌ನಿಂದ ಕಾಯಿಲ್ ಸುಟ್ಟಿತೋ, ನೀರಿಲ್ಲದೆ ಒಣ ಓಡಿ ಸುಟ್ಟಿತೋ? ಒಂದೇ ಬೋರಿನಲ್ಲಿ ಸಿಂಗಲ್ ಫೇಸಿಂಗ್ ಎರಡು ಸಲ ಬಂದರೆ ಸ್ಟಾರ್ಟರ್ ಪ್ಯಾನೆಲ್‌ನಲ್ಲಿ ಪ್ರಿವೆಂಟರ್ ಇಲ್ಲ ಅಥವಾ ಅದನ್ನು ಬೈಪಾಸ್ ಮಾಡಿದ್ದಾರೆ ಎಂದು ಅನುಮಾನಿಸಬೇಕು. ರಿವೈಂಡಿಂಗ್ ಬಿಲ್ ಮೇಲೆ ರಿವೈಂಡಿಂಗ್ ಬಿಲ್ ಬರುವುದು ಅಲ್ಲಿಂದಲೇ.

ಕ್ಲೋರಿನ್: 50,000 ಲೀಟರಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕ್ಲೋರಿನ್ ಬೇಕು. ಶೇ 25 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 400 ಗ್ರಾಂ. ಬಾಯಿ ತೆರೆದಿಟ್ಟ ಚೀಲದ ಪೌಡರ್ ಶಕ್ತಿ ಕಳೆದುಕೊಳ್ಳುತ್ತದೆ, ಆಗ 400 ಗ್ರಾಂ ಹಾಕಿದರೂ ಲೆಕ್ಕಕ್ಕಿಲ್ಲ. ಪೌಡರನ್ನು ನೇರ ಟ್ಯಾಂಕಿಗೆ ಸುರಿಯದೆ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರು ಮಾತ್ರ ಹಾಕಬೇಕು. ಅರ್ಧ ಗಂಟೆ ಬಿಟ್ಟು ಸರಬರಾಜು. ಹಾಳೆಗೆ ಬೇಕಾದ ಅಂಕಿ ಕೊನೆಯ ಮನೆಯ ನಲ್ಲಿಯದು: ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಟ್ಯಾಂಕ್ ಬುಡದಲ್ಲೇ ಪರೀಕ್ಷೆ ಮಾಡಿ ‘ಸರಿಯಿದೆ’ ಅನ್ನುವುದು ಹಳೇ ಚಾಳಿ.

ಪ್ರಯೋಗಾಲಯದ ವರದಿ ಬಂದ ತಿಂಗಳು ಪೂರ್ತಿ ವರದಿ ಬೇಡ, ಮೂರು ಅಂಕಿ ಸಾಕು. ಫ್ಲೋರೈಡ್ 1.0ರೊಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ನೈಟ್ರೇಟ್ ಗರಿಷ್ಠ 45. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) 500ರೊಳಗೆ, ಬೇರೆ ಮೂಲವಿಲ್ಲದಿದ್ದರೆ 2,000ದವರೆಗೆ. ಎಲ್ಲವೂ ಲೀಟರಿಗೆ ಮಿಲಿಗ್ರಾಂ. ನೈಟ್ರೇಟ್ ಮಿತಿ ದಾಟಿದ್ದರೆ ಒಂದು ಸಾಲು ಮರೆಯದೆ ಹಾಕಿ: ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಹಸುಗೂಸು ಇರುವ ಮನೆಗೆ ಅದು ಗೊತ್ತಿರಬೇಕು. ಮಾದರಿ ತೆಗೆದ ಬೋರ್ ಯಾವುದು, ದಿನಾಂಕ ಯಾವುದು ಅನ್ನುವುದಿಲ್ಲದ ವರದಿಯನ್ನು ಹಾಕಲೇ ಬೇಡಿ.

ಅಚ್ಚುಮೊಳೆ:

ಇಷ್ಟೆಲ್ಲ ಒಂದು ಎ4 ಹಾಳೆಗೆ ಹಿಡಿಸಬೇಕಲ್ಲ. ಅರಳಿಕಟ್ಟೆಯಲ್ಲಿ ನಿಂತು ಓದುವ ಹಿರಿಯರಿಗೆ 14 ಪಾಯಿಂಟ್‌ಗಿಂತ ಸಣ್ಣ ಅಕ್ಷರ ಪ್ರಯೋಜನವಿಲ್ಲ. ಒತ್ತಕ್ಷರ ಒಂದಕ್ಕೊಂದು ತಾಗದಂತೆ ಸಾಲಿನ ಅಂತರ 1.3 ಇಡಿ. ಹಾಗೆ ಹೊಂದಿಸಿದರೆ ಒಂದು ಪುಟಕ್ಕೆ ಸುಮಾರು 30 ಸಾಲು. ನೀರಿಗೆ 7, ಕಾಮಗಾರಿಗೆ 10, ಸಭೆಯ ಠರಾವಿಗೆ 6, ಮುಂದಿನ ತಿಂಗಳ ದಿನಾಂಕಗಳಿಗೆ 4, ಉಳಿದದ್ದು ಶೀರ್ಷಿಕೆ ಮತ್ತು ಅಡಿಟಿಪ್ಪಣಿ. ಇದಕ್ಕೆ ಮೀರಿದ್ದನ್ನು ಕೈಬಿಡಿ, ಅಕ್ಷರ ಚಿಕ್ಕದು ಮಾಡಬೇಡಿ. ಸನ್ಮಾನ, ಹಾರ, ಫೋಟೊ ಒಂದಕ್ಕೂ ಜಾಗವಿಲ್ಲ ಅನ್ನುವುದನ್ನು ಮೊದಲ ತಿಂಗಳೇ ಸ್ಪಷ್ಟಪಡಿಸಿ; ಒಮ್ಮೆ ಒಬ್ಬರ ಫೋಟೊ ಹಾಕಿದರೆ ಮುಂದಿನ ತಿಂಗಳು ಒಂಬತ್ತು ಫೋಟೊ ಬರುತ್ತವೆ.

ಪಂಚಾಯಿತಿಯಿಂದ ಕಡತ ಸಿಕ್ಕರೆ ಅದು ಬಹುತೇಕ ಹಳೆಯ ನುಡಿ ಫಾಂಟಿನಲ್ಲಿ ಇರುತ್ತದೆ. ಯೂನಿಕೋಡ್ ಅಲ್ಲದ್ದನ್ನು ಹಾಗೇ ಮೊಬೈಲಿಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಆಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ: ಕಾರ್ಯಾದೇಶ, ವಾರ್ಡ್, ಖರ್ಚು, ಅರ್ಜಿ. ಕೆಡುವುದು ಹೆಚ್ಚಾಗಿ ಅಲ್ಲೇ. ಅಂಕಿಗಳನ್ನು ಮೂಲ ಕಾಗದದ ಜೊತೆ ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ನೋಡಿ ತಾಳೆ ಹಾಕಬೇಕು.

ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಮೇಲೆ ಒಂದು ಹನಿ ಬಿದ್ದರೂ ಮೊತ್ತವೆಲ್ಲ ಹರಿದುಹೋಗುತ್ತದೆ. ಮೈದಾ ಅಂಟು ಹಾಕಿದರೆ ಹಸು ಹಾಳೆ ಸಮೇತ ನೆಕ್ಕಿ ಹೋಗುತ್ತದೆ, ಅದಕ್ಕೇ ಪ್ಲಾಸ್ಟಿಕ್ ಹೊದಿಕೆಯ ಒಳಗಿಟ್ಟು ಎದೆ ಎತ್ತರಕ್ಕೆ ಮೊಳೆ ಹೊಡೆದ ಹಲಗೆ ವಾಸಿ.

ವಾಟ್ಸಾಪ್‌ಗೆ ಅಡ್ಮಿನ್ ಮಾತ್ರ ಬರೆಯಬಹುದಾದ ಪ್ರತ್ಯೇಕ ಗ್ರೂಪ್ ಮಾಡಿ. ಬ್ರಾಡ್‌ಕಾಸ್ಟ್ ಪಟ್ಟಿ ಬೇಡ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಪಿಡಿಎಫ್ ಜೊತೆ ಒಂದು ನಿಮಿಷದ ಧ್ವನಿ ಸಂದೇಶ ಇದ್ದರೆ ಓದಲು ಬಾರದವರಿಗೂ ಸುದ್ದಿ ಮುಟ್ಟುತ್ತದೆ.

ಒಂದು ಎಚ್ಚರಿಕೆ. ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2023, 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. 1867ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು. ನಿಯಮಿತವಾಗಿ ಮುದ್ರಿಸಿ ಸಾರ್ವಜನಿಕ ಸುದ್ದಿಯನ್ನೋ ಅದರ ಮೇಲಿನ ಟಿಪ್ಪಣಿಯನ್ನೋ ಹೊರತಂದರೆ ಅದು ನಿಯತಕಾಲಿಕ, ನೋಂದಣಿ ಬೇಕು. ‘ಮಾರುತ್ತಿಲ್ಲ, ಪುಕ್ಕಟೆ ಹಂಚುತ್ತೇವೆ’ ಅನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ. ಎಲ್ಲಕ್ಕಿಂತ ಸುರಕ್ಷಿತವಾದದ್ದು, ಹಾಳೆಯನ್ನು ನೀವು ಸಿದ್ಧಪಡಿಸಿ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಮತ್ತು ಮೊಹರಿನೊಂದಿಗೆ ಪಂಚಾಯಿತಿಯ ಪ್ರಕಟಣೆಯಾಗಿಯೇ ಅಂಟಿಸುವುದು. 240 ಪ್ರತಿ ಅಚ್ಚು ಹಾಕಿಸಿ ಮನೆಮನೆಗೆ ಹಂಚುವ ಯೋಚನೆ ಇದ್ದರೆ ಮೊದಲು ಒಬ್ಬ ವಕೀಲರನ್ನು ಕಾಣಿ.

ಹುಣಸೆಮರದಡಿ:

ಎಲ್ಲರಿಗೂ ಧನ್ಯವಾದ. ಪಿಡಿಒ ಸಹಿ ಹಾಕುವ ಮಾತು ಕೇಳಲು ಚೆನ್ನಾಗಿದೆ, ಆದರೆ ಸಹಿ ಹಾಕುವವರೇ ಸಾಲು ತಿದ್ದಲು ಶುರು ಮಾಡಿದರೆ? ನಡಾವಳಿ ಪ್ರತಿ ಕೇಳಿದರೆ ‘ಆರ್‌ಟಿಐ ಹಾಕಿ’ ಅನ್ನುವುದು ಸಾಮಾನ್ಯ. ಪ್ರತಿ ತಿಂಗಳೂ ಆರ್‌ಟಿಐ ಹಾಕುವುದೇ?

ಕಡತದ ಕಟ್ಟು:

ಹಾಕಬೇಡಿ. ಉತ್ತರ ಕೊಡಲು 30 ದಿನ ಅವಕಾಶ ಇರುವುದರಿಂದ ನಿಮ್ಮ ಹಾಳೆ ಯಾವಾಗಲೂ ಒಂದು ತಿಂಗಳು ಹಿಂದೆಯೇ ಇರುತ್ತದೆ. ಬಿಳಿ ಹಾಳೆಯ ಮೇಲೆ ‘ಇಂಥ ದಿನಾಂಕದ ಸಾಮಾನ್ಯ ಸಭೆಯ ನಡಾವಳಿ ಪ್ರತಿ ಕೊಡಿ’ ಎಂದು ಎರಡು ಸಾಲು ಬರೆದು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಅರ್ಧ ಕೆಲಸ ಆ ಮೊಹರೇ ಮಾಡುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಇಂಥ ಮಾಹಿತಿಯನ್ನು ಕೇಳದೆಯೇ ಪ್ರಕಟಿಸಬೇಕು ಎಂದೂ ಒಂದು ಸಾಲು ಸೇರಿಸಬಹುದು. ನಿಮ್ಮೂರಿನ ಸದಸ್ಯರಿಗೆ ಸಭೆಯ ನೋಟಿಸು, ವಿಷಯಪಟ್ಟಿ ಬರುತ್ತದೆ. ಮೂವರಲ್ಲಿ ಒಬ್ಬರಾದರೂ ಕೊಟ್ಟಾರು.

ಆರ್‌ಟಿಐ ಇಟ್ಟುಕೊಳ್ಳಬೇಕಾದದ್ದು ಅಳತೆ ಪುಸ್ತಕ ಮತ್ತು ಬಿಲ್ಲಿಗೆ. ಶುಲ್ಕ 10 ರೂಪಾಯಿ, ಪ್ರತಿ ಎ4 ಪುಟಕ್ಕೆ 2 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಬಹಳ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ: ರಸ್ತೆ, ಚರಂಡಿ, ಬೀದಿದೀಪ ಮೂರನ್ನೂ ಒಂದರಲ್ಲಿ ತುರುಕಿರುತ್ತಾರೆ. ‘ಯಾಕೆ ಕೆಲಸ ಮಾಡಿಲ್ಲ?’ ಎಂದು ಕೇಳಬೇಡಿ, ಕಾಗದ ಕೇಳಿ: ‘ಶಾಲೆ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟ, ಪಾವತಿ ಆದೇಶ, ಇವುಗಳ ದೃಢೀಕೃತ ಪ್ರತಿ.’

ತಿದ್ದುವ ವಿಷಯ: ಪಿಡಿಒ ಅಂಕಿ ತಿದ್ದಿದರೆ ಮೂಲ ಕಾಗದ ಕೇಳಿ, ತೋರಿಸಿದರೆ ಒಪ್ಪಿಕೊಳ್ಳಿ. ಅಭಿಪ್ರಾಯ ತಿದ್ದಿದರೆ ಹಾಳೆಯಲ್ಲಿ ಅಭಿಪ್ರಾಯ ಇದ್ದದ್ದೇ ತಪ್ಪು ಅಂತ ಅರ್ಥ.

ಆಡಳಿತಾಧಿಕಾರಿ ಪ್ರಶ್ನೆಗೆ: ಡಿಸೆಂಬರ್ 2020ರಲ್ಲಿ ಚುನಾವಣೆ ನಡೆದ ಪಂಚಾಯಿತಿಗಳಿಗೆ ಐದು ವರ್ಷದ ಅವಧಿಯ ಮಿತಿ ಇದ್ದೇ ಇದೆ. ಸದಸ್ಯರ ಸಭೆ ಇಲ್ಲದಿದ್ದರೂ ಖರ್ಚು ನಿಲ್ಲುವುದಿಲ್ಲ. ಆಡಳಿತಾಧಿಕಾರಿಯ ಆದೇಶವೂ ಕಡತದಲ್ಲಿರುತ್ತದೆ, ಪಾವತಿ ನಡೆಯುತ್ತಲೇ ಇರುತ್ತದೆ. ಠರಾವು ಸಂಖ್ಯೆ ಇದ್ದಲ್ಲಿ ಆದೇಶ ಸಂಖ್ಯೆ ಬರೆಯಿರಿ. ಗ್ರಾಮಸಭೆ ಮತದಾರರದ್ದು, ಅದಕ್ಕೆ ಅವಧಿ ಮುಗಿಯುವುದು ಅಂತ ಇಲ್ಲ.

ರಶೀದಿ ಪುಸ್ತಕ:

ಬಾಕಿದಾರರ ಹೆಸರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹಾಕಬೇಡಿ. ಪಟ್ಟಿಯಲ್ಲಿ ಸತ್ತವರ ಹೆಸರಿರುತ್ತದೆ, ಮಾರಿ ಹೋದವರ ಹೆಸರಿರುತ್ತದೆ, ಕಟ್ಟಿಯೂ ತಂತ್ರಾಂಶದಲ್ಲಿ ಏರದವರ ಹೆಸರೂ ಇರುತ್ತದೆ. ಒಂದು ತಪ್ಪು ಹೆಸರು ಬಂದರೆ ಹಾಳೆಯ ಕಥೆ ಮುಗಿಯಿತು. ಡಿಸಿಬಿ ತಃಖ್ತೆಯಿಂದ ಊರಿನ ಒಟ್ಟು ಅಂಕಿ ತೆಗೆದುಕೊಳ್ಳಿ: ಬೇಡಿಕೆ, ವಸೂಲಿ, ಬಾಕಿ. ಬೇಡಿಕೆಯಲ್ಲಿ ಹಳೇ ಬಾಕಿ ಬೇರೆ, ಚಾಲ್ತಿ ಸಾಲಿನದು ಬೇರೆ ತೋರಿಸದಿದ್ದರೆ ಏಪ್ರಿಲ್‌ನಲ್ಲಿ ವಸೂಲಿ ಶೇಕಡಾವಾರು ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಫಲಾನುಭವಿಗಳ ಪಟ್ಟಿ ಹಾಕುವಾಗಲೂ ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಇರುವ ಕಾಲಂ ಕತ್ತರಿಸಿ. ಫೋಟೊ ತೆಗೆದು ನೇರ ಗ್ರೂಪಿಗೆ ಹಾಕುವಾಗ ಇದೇ ತಪ್ಪು ಹೆಚ್ಚು.

‘ಕಂದಾಯ 1,000 ಅಂದರು, ರಶೀದಿ 1,340ಕ್ಕೆ ಯಾಕೆ?’ ಎಂಬ ಪ್ರಶ್ನೆಗೂ ವರ್ಷಕ್ಕೊಮ್ಮೆ ಜಾಗ ಕೊಡಿ. ಅದು ಉಪಕರ: ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3.

ಬೆಂಗಳೂರಿನ ಅಂಚಿನ ಊರಾದ್ದರಿಂದ ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದಾಗಿನಿಂದ ‘ನಮ್ಮೂರೂ ಗ್ರೇಟರ್ ಬೆಂಗಳೂರಿಗೆ ಸೇರಿತಂತೆ’ ಎಂಬ ಗಾಳಿಸುದ್ದಿ ಹಬ್ಬುತ್ತಲೇ ಇರುತ್ತದೆ, ಹಿಂದೆಯೇ ಸೈಟಿನ ಬ್ರೋಕರ್ ಬರುತ್ತಾನೆ. ರಾಜ್ಯಪತ್ರದ ಅಧಿಸೂಚನೆ ಕೈಯಲ್ಲಿ ಇಲ್ಲದೆ ಒಂದಕ್ಷರ ಹಾಕಬೇಡಿ. ಕರಡು ಅಧಿಸೂಚನೆ ಬಂದರೆ ಆಗ ಮುಖ್ಯವಾದದ್ದು ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ, ಅದನ್ನು ದಪ್ಪಕ್ಷರದಲ್ಲಿ.

ಹುಣಸೆಮರದಡಿ:

ಮಾದರಿಗೆ ಎರಡು ಸಾಲು ಮಾಡಿದ್ದೇನೆ, ನೋಡಿ.

‘ಬೋರ್ 2: 11ಕ್ಕೆ ಕೆಟ್ಟಿತು, 13ಕ್ಕೆ ಎತ್ತಿದರು, 16ಕ್ಕೆ ಇಳಿಸಿದರು. ಕಾರಣ ಸಿಂಗಲ್ ಫೇಸಿಂಗ್. ಟ್ಯಾಂಕ್ ತುಂಬಿದ್ದು 29 ಸಲ, ಬೇಕಾದದ್ದು 36.’

‘ಶಾಲೆ ರಸ್ತೆ: ಹಂತ 4, ಮೊತ್ತ 5 ಲಕ್ಷ, 15ನೇ ಹಣಕಾಸು, ಕಳೆದ ತಿಂಗಳೂ ಹಂತ 4.’

ಕಡತದ ಕಟ್ಟು:

ಮೊದಲನೆಯದು ಹಾಗೇ ಇರಲಿ. ಎರಡನೆಯದರಲ್ಲಿ 5 ಲಕ್ಷ ಯಾವ ಮೊತ್ತ? ನಾಲ್ಕನೇ ಹಂತದಲ್ಲಿ ಗುತ್ತಿಗೆ ಮೊತ್ತ ಇನ್ನೂ ಹುಟ್ಟಿರುವುದಿಲ್ಲ, ಅಂದಾಜು ಮೊತ್ತವೇ ಇರಬೇಕು, ಹಾಗೆಂದು ಬರೆಯಿರಿ. 15ನೇ ಹಣಕಾಸು ಎಂದಲ್ಲಿ ‘ಅನಿರ್ಬಂಧಿತ’ ಸೇರಿಸಿ. ‘ಕಳೆದ ತಿಂಗಳೂ ಹಂತ 4’ ಅನ್ನುವುದನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ.